ಜೇಬಿನ ಸ್ಕ್ರೂಡ್ರೈವರ್

ನನ್ನ ಗೆಳೆಯ ಗುರುವಾರ ತೀರಿಕೊಂಡ, ತಾನೇ ಮುಖ್ಯಸ್ಥನಾಗಿದ್ದ ಆಸ್ಪತ್ರೆಯಲ್ಲಿ. ಎಂಜಿನಿಯರಿಂಗ್ ಓದಿ, ಸ್ಕ್ಯಾನಿಂಗ್ ಯಂತ್ರಗಳ ರಿಪೇರಿಗೆಂದು ಅಲ್ಲಿ ಸೇರಿದವನು ಬಡ್ತಿಯ ಮೇಲೆ ಬಡ್ತಿ ಸಿಕ್ಕಿ ಆ ಹುದ್ದೆಗೆ ಬಂದಿದ್ದ. "ಒಳ್ಳೇ ರಿಪೇರಿಯವನನ್ನ ಬಡ್ತಿ ಕೊಟ್ಟು ಹಾಳು ಮಾಡಿದ್ರು ಕಣೋ" ಎಂದು ತನ್ನನ್ನೇ ಆಡಿಕೊಳ್ಳುತ್ತಿದ್ದ. ಹುದ್ದೆ ದೊಡ್ಡದಾದಂತೆಲ್ಲ ಅವನ ಸ್ಕ್ರೂಡ್ರೈವರ್ ಚಿಕ್ಕದಾಗುತ್ತ ಹೋಗಿ, ಕೊನೆಗೆ ಕೋಟಿನ ಜೇಬಿನಲ್ಲಿ ಪೆನ್ನಿನ ಪಕ್ಕ ನಿಂತಿತು. ಸಭೆಯಲ್ಲಿ ಮೇಜು ಅಲುಗಾಡಿದರೆ ಲಾಭನಷ್ಟದ ಮಾತನ್ನು ಅಲ್ಲಿಗೇ ಬಿಟ್ಟು ಮೇಜಿನಡಿಗೆ ನುಸುಳುತ್ತಿದ್ದ. ಡೈರೆಕ್ಟರುಗಳು ಅವನ ಬೂಟುಗಳ ಜೊತೆ ಚರ್ಚೆ ಮುಂದುವರಿಸುತ್ತಿದ್ದರು. ವಾರ್ಡಿನಲ್ಲಿ ರೋಗಿಗಿಂತ ಮೊದಲು ಮಂಚದ ಆರೋಗ್ಯ ವಿಚಾರಿಸುತ್ತಿದ್ದ. "ರೋಗೀನ ನೋಡೋಕೆ ಡಾಕ್ಟರಿದಾರೆ, ಪಾಪ, ಮಂಚಕ್ಕೆ ಯಾರಿದಾರೆ?" ಕೊನೆಗೆ ಅಂಥದೇ ಮಂಚದಲ್ಲಿ ಅವನೇ ಮಲಗಿದ. ಅವನ ಹೆಂಡತಿ, ನಾನು ಅತ್ತಿಗೆ ಎನ್ನುವವರು, ಪಕ್ಕದ ಕುರ್ಚಿಯಲ್ಲಿ ತೂಕಡಿಸಿದಾಗಲೆಲ್ಲ ಅದು ಕಿರ್ರೆನ್ನುತ್ತಿತ್ತು. ಅವರು ಬೆಚ್ಚಿ ಎದ್ದು ಇವನ ಉಸಿರು ನೋಡುತ್ತಿದ್ದರು. ನಿದ್ದೆಗೆಟ್ಟು ಅವರೇ ಕುಸಿದುಬೀಳುವ ಹಾಗಾಗಿದ್ದರು. ಬುಧವಾರ ಮಧ್ಯಾಹ್ನ ಅವರು ಮುಖ ತೊಳೆಯಲು ಹೋದದ್ದೇ ತಡ, ದಿಂಬಿನಡಿಯಿಂದ ಸ್ಕ್ರೂಡ್ರೈವರ್ ತೆಗೆದು ನನ್ನ ಕೈಗಿತ್ತ. ನಾನು ಇತಿಹಾಸ ಪಾಠ ಮಾಡುವವನು. "ಮೇಷ್ಟ್ರೇ, ಅದು ಸೀಮೆಸುಣ್ಣ ಅಲ್ಲ. ಕೊಡಿಲ್ಲಿ. ನೀನು ಕುರ್ಚಿ ಎತ್ತಿ ಹಿಡಿ, ಅಷ್ಟು ಮಾಡಿದ್ರೆ ಸಾಕು" ಎಂದ. ಸೂಜಿ ಚುಚ್ಚಿದ್ದ ಕೈಯಿಂದಲೇ, ನಡುನಡುವೆ ದಣಿವಾರಿಸಿಕೊಳ್ಳುತ್ತ, ಸ್ಕ್ರೂ ಬಿಗಿ ಮಾಡಿದ. ಅತ್ತಿಗೆ ಬಂದು ಕೂತರು. ಕುರ್ಚಿ ತುಟಿಪಿಟಕ್ಕೆನ್ನಲಿಲ್ಲ. ಅವರಿಗೆ ಗಾಢ ನಿದ್ದೆ ಹತ್ತುವವರೆಗೂ ಅವನು ಕಿವಿಗೊಟ್ಟೇ ಇದ್ದ. ಆಮೇಲೆ ಅಭ್ಯಾಸಬಲದಿಂದ ಎದೆಯ ಮೇಲೆ ಜೇಬು ತಡಕಾಡಿದ. ಆಸ್ಪತ್ರೆಯ ಅಂಗಿಗೆ ಜೇಬಿರಲಿಲ್ಲ. ನನ್ನನ್ನು ಬಾಗುವಂತೆ ಸನ್ನೆ ಮಾಡಿ, ಸ್ಕ್ರೂಡ್ರೈವರನ್ನು ನನ್ನ ಜೇಬಿನಲ್ಲಿ ಪೆನ್ನಿನ ಪಕ್ಕ ಸಿಕ್ಕಿಸಿದ.