ಎರಡು ಡಿಸ್ಕಿನ ನಾಟಕ ಒಂದಕ್ಕೆ ಇಳಿದದ್ದು

ಮೂರನೇ ಕ್ಲಾಸಿಗೇ ಸ್ಲೇಟು ಬಿಟ್ಟವನ ಕೈಯಲ್ಲಿ ನಾಟಕ ಸಂಘದ ಹಲಗೆ ಬರೆಸುತ್ತೀರಲ್ಲ ಗೆಳೆಯರೇ, ನಿಮಗೆ ಬೇರೆ ಯಾರೂ ಸಿಗಲಿಲ್ಲವೇ? ಇರಲಿ, ಓದಿ.

ನಮಗೆ ನಾಟಕ ಕಲಿಸಿದ ಹಾರ್ಮೋನಿಯಂ ಮೇಷ್ಟ್ರು ಕಾಲು ಮುರಿದುಕೊಂಡು ಮೇಲುಕೋಟೆಯಲ್ಲಿ ಮಲಗಿದ್ದಾರೆ. ಎದ್ದು ಡಿಸ್ಕು ಬದಲಿಸಲಾರರು. ಅದಕ್ಕೇ ನಮ್ಮ ನಾಟಕದ ಎರಡು ವಿಸಿಡಿಯನ್ನೂ ಒಂದಕ್ಕೆ ಇಳಿಸೋಣವೆಂದು ಇವತ್ತು ಪಾಂಡವಪುರದ ಕಂಪ್ಯೂಟರ್ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಎರಡನ್ನೂ ಕಂಪ್ಯೂಟರಿಗೆ ಹಾಕಿಕೊಂಡು, ಹಿಂಡಿ ಚಿಕ್ಕದು ಮಾಡಿ ತೋರಿಸಿದ. ಗದೆ ಬೀಸಿದ ಕಡೆಯೆಲ್ಲ ಚಿತ್ರ ಚೂರು ಚೂರಾಗಿ ಒಡೆದು ಚೌಕಳಿ ಲುಂಗಿ ಹರವಿದಂತಿತ್ತು. ಯಾವ ಮೀಸೆ ಯಾರದೆಂದೇ ತಿಳಿಯಲಿಲ್ಲ.

"ಏನ್ಲಾ ಇದು? ಮುಖ ಎಲ್ಲೋಯ್ತು?" ಎಂದೆ.

"ಮುಖ ಬೇಕಾದ್ರೆ ಹಾಡು ಕಮ್ಮಿ ಮಾಡಿ ಯಜಮಾನ್ರೇ. ಒಂದೊಂದ್ ಹಾಡ್ನೂ ಮೂರ್ಮೂರ್ ಸಲ ಹಾಡವ್ರೆ!"

"ಜನ ಒನ್ಸ್ ಮೋರ್ ಅಂದ್ರು, ಹಾಡುದ್ವು ಕಣ್ಲಾ!"

"ನಿಮ್ ಹಾಡಿಗೆ ಒನ್ಸ್ ಮೋರ್ ಅಂದಿರೋದು ಒಂದೇ ಹೆಂಗ್ಸು. ನೀವೇ ಕೇಳುಸ್ಕಳಿ."

ಕೇಳಿಸಿಕೊಂಡೆ. ನನ್ನ ಹೆಂಡತಿಯ ದನಿ! ಮನೆಯಲ್ಲಿ ನಾನು ರಾಗ ತೆಗೆದರೆ ಸಾಕು, ದನ ಬೆದರುತ್ತವೆ ಎಂದು ಬಾಯಿ ಮುಚ್ಚಿಸುವವಳು. ಅಂಗಡಿಯಲ್ಲೇ ಬಿದ್ದು ಬಿದ್ದು ನಕ್ಕೆ.

"ನನ್ನ ಎರಡ್ನೇ ಸಲದ್ದು, ಮೂರ್ನೇ ಸಲದ್ದು ಕತ್ತರ್ಸಾಕ್ಲಾ. ಆ ಕೂಗೊಂದು ಅಂಗೇ ಇರ್ಲಿ" ಎಂದೆ.

ನನ್ನದೊಂದನ್ನೇ ಕತ್ತರಿಸಿದರೆ ಡಿಸ್ಕಿನಲ್ಲಿ ಜಾಗ ಸಾಲದಂತೆ. ಉಳಿದ ಗಂಧರ್ವರು ಯಾವ ಹಾಡಿನ ಒನ್ಸ್ ಮೋರ್ ಬಿಡುತ್ತೀರೆಂದು ಬರುವ ಶುಕ್ರವಾರದೊಳಗೆ ಇದರ ಕೆಳಗೇ ಬರೆಯಿರಿ.