ಹದಿಮೂರು ಕುರಿಯ ಕೆಂಚಪ್ಪ

ಮದಕರಿಪುರದ ಹಾಸುಬಂಡೆಯ ಮೇಲೆ ಹುಲಿ-ಕುರಿ ಆಟದ ಗೆರೆ ಕೊರೆದವರು ಯಾರೋ ಗೊತ್ತಿಲ್ಲ, ಆದರೆ ಅಲ್ಲಿನ ದೊರೆ ಮಾತ್ರ ಕುರಿ ಕಾಯುವ ಕೆಂಚಪ್ಪ. ಹುಲಿಯ ಕಡೆ ಆಡು ಎಂದರೆ ಅವನಿಗೆ ಸಿಟ್ಟು: "ತಿನ್ನಾಕೆ ಯಾರಿಗೆ ಬರಲ್ಲ? ಕಾಯೋದು ಕಲೀಬೇಕು." ಮೂರು ಹುಲಿಗಳನ್ನು ಕಟ್ಟಿಹಾಕಲು ಊರವರೆಲ್ಲ ಹದಿನೈದು ಕುರಿ ಹೂಡಿದರೆ, ಅವನು ಹದಿಮೂರರಲ್ಲೇ ಕಟ್ಟುತ್ತಾನೆ. ಬೇಗ ಮುಗಿಯುವ ಆಟ ಅವನ ಪಾಲಿಗೆ ಉಪ್ಪಿಲ್ಲದ ಸಾರು. ಒಂದೊಂದು ಕಲ್ಲು ನಡೆಸಿದ ಮೇಲೂ ತಲೆಯೆತ್ತಿ ಗುಡ್ಡವನ್ನೇ ದಿಟ್ಟಿಸುತ್ತಾನೆ. ಅಷ್ಟರಲ್ಲಿ ಎದುರಾಳಿ ಬೀಡಿ ಸೇದಿ, ಟ್ರಾನ್ಸಿಸ್ಟರಿನ ವಾರ್ತೆಯನ್ನೂ ಕೇಳಿ ಮುಗಿಸಿರುತ್ತಾನೆ. ಆಡಲೆಂದೇ ದುರ್ಗದಿಂದ ಸೈಕಲ್ ತುಳಿದು ಬಂದು, ವರ್ಷಗಟ್ಟಲೆ ಸೋತ, ಪಾತ್ರೆಗೆ ಕಲಾಯಿ ಹಾಕುವ ತಾಜುದ್ದೀನ್ ಒಮ್ಮೆ ಕೇಳಿಯೇಬಿಟ್ಟ: "ಆ ಗುಡ್ಡದಾಗೆ ಏನು ಉಪಾಯ ಬರ್ದೈತೆ ಕೆಂಚಪ್ಪ? ಹದಿನೈದು ಇಟ್ಕಂಡು ಬೇಗ ಮುಗಿಸಬಾರ್ದಾ?" ಕೆಂಚಪ್ಪ ಗುಡ್ಡದಿಂದ ಕಣ್ಣು ಕೀಳಲಿಲ್ಲ. "ಉಪಾಯ ಅಲ್ಲ ಸಾಬ್ರೇ, ಮಂದೆ ಎಣಿಸ್ತೀನಿ. ಹಿಂದೆ ಇದೇ ಬಂಡೆ ಮ್ಯಾಲೆ ಬಗ್ಸಿದ ತಲೆ ಎತ್ತದಂಗೆ ಆಡ್ತಿದ್ದೆ. ಒಂದಿನ ಗೆದ್ದು ಎದ್ದು ನೋಡಿದ್ರೆ, ತೋಳ ಎರಡು ಮರಿ ಎತ್ಕಂಡು ಹೋಗಿತ್ತು. ಅವೆರಡನ್ನ ಇನ್ನು ಹೆಂಗೆ ಹೂಡ್ಲಿ?"