ಟವಲ್ಲಿನ ಕೆಳಗೆ ಹತ್ತು ಹುಣಸೆಬೀಜ

ಎರಡು ದಿನ, ನಾಲ್ಕು ತಾಲ್ಲೂಕು, ಒಟ್ಟು ಖರ್ಚು ಐನೂರರ ಒಳಗೆ. ಹೆಂಗಸಾದ್ದರಿಂದ ಸರ್ಕಾರಿ ಬಸ್ಸಿನಲ್ಲಿ ಆಧಾರ್ ಕಾರ್ಡು ತೋರಿಸಿದರೆ ಸೊನ್ನೆ ರೂಪಾಯಿಯ ಟಿಕೆಟ್ಟು. ಉಳಿದದ್ದು ಆಟೊ, ಊಟ, ಮೂರು ಬಗೆಯ ಅಚ್ಚುಬೆಲ್ಲ ಮತ್ತು ಒಂದು ಟವಲ್ಲಿಗೆ ಹೋಯಿತು. ಗಣಿತದ ಸಂಶೋಧನೆಗೆ ಬೆಲ್ಲ ಯಾಕೆ ಎಂದು ನಮ್ಮ ಕಾಲೇಜಿನಲ್ಲೇ ಕೇಳಿದವರಿದ್ದಾರೆ. ಹೇಳುತ್ತೇನೆ.

ನನ್ನ ವಿಷಯ ಫಜ್ಜಿ ಲಾಜಿಕ್. ಒಳ್ಳೆಯದು, ಕೆಟ್ಟದ್ದು ಎಂದು ಎರಡೇ ಗುಂಪು ಮಾಡದೆ, ಎಷ್ಟರಮಟ್ಟಿಗೆ ಒಳ್ಳೆಯದು ಎಂದು ಸೊನ್ನೆಯಿಂದ ಒಂದರವರೆಗೆ ಅಳೆಯುವ ಗಣಿತ. ಹಲವರ ಅಭಿಪ್ರಾಯ ಬೇರೆಬೇರೆ ಇದ್ದಾಗ ಒಂದು ತೀರ್ಮಾನಕ್ಕೆ ಬರುವ ವಿಧಾನವೊಂದನ್ನು ಪಾಠ ಮಾಡುತ್ತಲೇ, ಇಪ್ಪತ್ತು ವರ್ಷ ಕೂತು ಕಟ್ಟಿದ್ದೇನೆ. ಪ್ರಬಂಧವನ್ನು ಒಂದು ಸಂಶೋಧನಾ ಪತ್ರಿಕೆಗೆ ಕಳಿಸಿದೆ. ಪರಿಶೀಲಕರು ಒಂದೇ ಪ್ರಶ್ನೆ ಹಾಕಿ ವಾಪಸ್ ಕಳಿಸಿದರು: ಈ ಬೆಲ್ಲದ ಉದಾಹರಣೆಯ ಅಂಕಗಳು ಜನ ಕೊಟ್ಟದ್ದೋ, ನೀವೇ ಹಾಕಿಕೊಂಡದ್ದೋ? ನಮ್ಮಲ್ಲಿ ಹಾಕಿಕೊಳ್ಳುವುದೇ ವಾಡಿಕೆ. ಆದರೆ ಇದು ಕೊನೆಯ ಅವಕಾಶ. ಜನರ ಅಂಕ ತರದಿದ್ದರೆ ಪ್ರಬಂಧ ಬಿತ್ತು.

ಶನಿವಾರ ಬೆಳಿಗ್ಗೆ ಶ್ರೀರಂಗಪಟ್ಟಣದ ಪೇಟೆಯಲ್ಲಿ ಮೂರು ಆಲೆಮನೆಗಳ ಬೆಲ್ಲ ಕೊಂಡೆ. ಅಂಗಡಿಯವನು ಹೇಳಿದ ಬೆಲೆಯಲ್ಲಿ ಹತ್ತು ರೂಪಾಯಿ ಇಳಿಸಿಯೇ ಕೊಂಡದ್ದು. ಪಾಂಡವಪುರದಲ್ಲಿ ಬಸ್ಸಿಳಿದು ಆಟೊದಲ್ಲಿ ನನ್ನ ಹುಟ್ಟೂರು ಕ್ಯಾತನಹಳ್ಳಿಗೆ ಹೋದೆ. ಅಲ್ಲಿ ಪುಟ್ಟಸ್ವಾಮಣ್ಣನ ಆಲೆಮನೆ. ನಾನು ತಂದ ಮೂರರಲ್ಲಿ ಒಂದು ಅವರದೇ ಬೆಲ್ಲ. ಅಚ್ಚು ನೋಡುತ್ತಲೇ ಗುರುತು ಹಿಡಿದರು.

"ಹತ್ತಕ್ಕೆ ಎಷ್ಟು ಅಂಕ ಕೊಡ್ತೀರಿ ಅಣ್ಣ?"

"ನಂದ್ಕೆ ಒಂಬತ್ತು ಆಕವ್ವ. ಬಣ್ಣ ನೋಡು, ಚಿನ್ನ ಇದ್ದಂಗದೆ."

ಅವರ ತಮ್ಮ ಸಿದ್ದೇಗೌಡ ಒಂದು ಚೂರು ಬಾಯಿಗೆ ಹಾಕಿಕೊಂಡ. "ಅಣ್ಣ ಒಂಬತ್ತು ಅಂದ್ಮೇಲೆ ಒಂಬತ್ತೇ ಕಣಕ್ಕ."

ಒಲೆಯ ಮುಂದೆ ಪಾಕ ಕಾಯಿಸುತ್ತಿದ್ದ ಕೆಲಸದ ಮಾದಣ್ಣ ರುಚಿಯನ್ನೂ ನೋಡಲಿಲ್ಲ. "ನಂದೂ ಅಷ್ಟೇ ಬರ್ಕೊ ತಾಯಿ."

ಮೂವರದೂ ಒಂಬತ್ತು. ಉಳಿದೆರಡು ಬೆಲ್ಲಕ್ಕೂ ಯಜಮಾನರು ಹೇಳಿದ್ದನ್ನೇ ಇನ್ನಿಬ್ಬರೂ ಹೇಳಿದರು. ಭಿನ್ನಾಭಿಪ್ರಾಯವೇ ಇಲ್ಲದ ಕಡೆ ನನ್ನ ವಿಧಾನಕ್ಕೆ ಏನು ಕೆಲಸ? ನಮ್ಮೂರಿನಲ್ಲಿ ಹಿರಿಯರೆದುರು ಎರಡನೆಯ ಮಾತಿಲ್ಲ. ಆ ಊರಲ್ಲೇ ಹುಟ್ಟಿದವಳು ಅದನ್ನು ಮರೆತು ಎಲ್ಲರನ್ನೂ ಒಟ್ಟಿಗೆ ನಿಲ್ಲಿಸಿ ಕೇಳಿದ್ದೆ.

ಮಧ್ಯಾಹ್ನ ಬಿಸಿಲು ಜೋರಿತ್ತು. ಕೆ.ಆರ್. ಪೇಟೆಯಲ್ಲಿ ಇಳಿದು ಚಿಕ್ಕಮ್ಮನ ಮನೆಗೆ ನಡೆಯುವಾಗ ಮರದಡಿ ಇಬ್ಬರು ಎತ್ತಿನ ವ್ಯಾಪಾರ ಮಾಡುತ್ತಿದ್ದರು. ಟವಲ್ಲಿನ ಮರೆಯಲ್ಲಿ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿದು ಬೆಲೆ ಕಟ್ಟುತ್ತಿದ್ದರು. ಸುತ್ತ ನಿಂತವರಿಗೆ ಒಂದೂ ಗೊತ್ತಾಗುತ್ತಿರಲಿಲ್ಲ.

"ಬಾಯಲ್ಲೇ ಹೇಳಬಾರದಾ ಅಣ್ಣ?" ಎಂದೆ.

"ನಾನು ಬಾಯ್ಬುಟ್ರೆ ಇಲ್ಲಿರೋರೆಲ್ಲ ಒಂದೊಂದು ಬೆಲೆ ಕಟ್ತಾರೆ ಕಣಕ್ಕ. ಎತ್ತು ನಂದು, ಪಂಚಾಯ್ತಿ ಊರೋರ್ದಾ?"

ನೇರ ಅಂಗಡಿಗೆ ಹೋಗಿ ನೂರೈವತ್ತರ ಟವಲ್ಲನ್ನು ನೂರಹತ್ತಕ್ಕೆ ತಂದೆ. ಗಂಡಸರ ಬೆರಳು ಹಿಡಿಯುವುದು ನನಗೂ ಬೇಡ, ಅವರಿಗೂ ಬೇಡ. ಹಾಗಾಗಿ ಚಿಕ್ಕಮ್ಮನ ಅಡುಗೆಮನೆಯಿಂದ ಹತ್ತು ಹುಣಸೆಬೀಜ, ಎರಡು ಡಬ್ಬಿ ಪಡೆದೆ. ಎರಡೂ ಟವಲ್ಲಿನ ಕೆಳಗೆ. ಒಂದರಲ್ಲಿ ಹತ್ತು ಬೀಜ. ಬೆಲ್ಲಕ್ಕೆ ಎಷ್ಟು ಅಂಕವೋ ಅಷ್ಟು ಬೀಜ ಇನ್ನೊಂದಕ್ಕೆ. ನೋಡುವವಳು ನಾನೊಬ್ಬಳೇ.

ಭಾನುವಾರ ನಾಗಮಂಗಲದ ಒಂದು ಸಣ್ಣ ಹೋಟೆಲಿನಲ್ಲಿ ಇಡ್ಲಿ ತಿಂದು, ಮಾಲೀಕ, ಅವರ ಹೆಂಡತಿ, ಅಡುಗೆಯವನು ಮೂವರಿಗೂ ಕೊಟ್ಟೆ. ಬಾಯಲ್ಲಿ ಕೇಳಿದಾಗ ಎಲ್ಲ ಬೆಲ್ಲವೂ ಚೆನ್ನಾಗಿತ್ತು. ಬೀಜದಲ್ಲಿ ಒಂದೇ ಬೆಲ್ಲಕ್ಕೆ ಎಂಟು, ಐದು, ಮೂರು ಬಂತು.

"ಮೂರು ಆಕಿರೋನು ಅಡುಗೆಯೋನೇ ಇರ್ಬೇಕು, ಅಲ್ವಾ ಮೇಡಮ್ಮು?" ಎಂದರು, ನಾನು ಬರೆದುಕೊಂಡ ಅಂಕಗಳನ್ನು ಇಣುಕಿ ನೋಡಿದ ಮಾಲೀಕರು.

"ಹೇಳೋ ಹಾಗಿಲ್ಲ," ಎಂದೆ. ಹಾಕಿದ್ದು ಅವರ ಹೆಂಡತಿ.

ಮೇಲುಕೋಟೆಯ ಬೆಟ್ಟವನ್ನು ಕಿಟಕಿಯಿಂದಲೇ ನೋಡಿಕೊಂಡು ಪಾಂಡವಪುರಕ್ಕೆ ಬಂದವಳು ಮತ್ತೆ ಕ್ಯಾತನಹಳ್ಳಿಗೆ ಹೋದೆ. ಪುಟ್ಟಸ್ವಾಮಣ್ಣ ನಕ್ಕರು. "ಒಂಬತ್ತು ಸಾಲ್ಲಿಲ್ವೇನವ್ವ, ಹತ್ತು ಮಾಡುಸ್ಕಂಡು ಓಗಕ್ಕೆ ಬಂದ್ಯಾ?"

ಟವಲ್ಲು ಹಾಸಿದೆ. ಅವರದೇ ಬೆಲ್ಲಕ್ಕೆ ಮಾದಣ್ಣನದು ನಾಲ್ಕು ಬೀಜ, ಸಿದ್ದೇಗೌಡನದು ಏಳು. ಕೊನೆಗೆ ಯಜಮಾನರು. ಅವರ ಕೈ ತುಂಬ ಹೊತ್ತು ಟವಲ್ಲಿನ ಕೆಳಗೇ ಇತ್ತು. ಡಬ್ಬಿ ತೆರೆದರೆ ಐದು.

ಆಟೊದವರೆಗೂ ಅವರೇ ಬಂದರು. "ನಾನು ಆಕಿದ್ದ ಅವರ್ಗೆ ಯೋಳ್ಬ್ಯಾಡ ಕಣವ್ವ. ಈ ಸಲ ಪಾಕದ ಕೊಳೆ ತಗ್ಯಕ್ಕೆ ಆಕೋ ಸುಣ್ಣ ಸೊಲ್ಪ ಜಾಸ್ತಿ ಬಿದ್ಬುಡ್ತು. ಬಣ್ಣ ಕಂದ್ಬುಟ್ಟದೆ."

ನಾನು ಹೇಳಲಿಲ್ಲ. ಪ್ರಬಂಧದಲ್ಲಿ ಅವರು ಬರೀ 'ಒಂದನೆಯ ತಜ್ಞ'. ಆ ಅಂಕಗಳಿಂದಲೇ ಅದು ಒಪ್ಪಿಗೆಯಾಯಿತು. ಈಚೆಗೆ ಸುಣ್ಣ ಕಡಿಮೆ ಮಾಡಿ ಒಳ್ಳೆಯ ಬೆಲ್ಲ ಇಳಿಸಿದ ಮೇಲೆ, ತಾವು ಹಾಕಿದ ಐದನ್ನು ಪುಟ್ಟಸ್ವಾಮಣ್ಣನೇ ಊರಿಗೆಲ್ಲ ಹೇಳಿಕೊಂಡು ನಕ್ಕರಂತೆ, ಉಳಿದಿಬ್ಬರೂ ತಮ್ಮ ಅಂಕ ಹೇಳಿಕೊಂಡರಂತೆ. ಅದಕ್ಕೇ ಇಲ್ಲಿ ಬರೆದಿದ್ದೇನೆ.

ಈ ದಾರಿಯಲ್ಲಿ ಅಂಕ ಕೇಳಿಕೊಂಡು ಹೋಗುವವರು ಟವಲ್ಲನ್ನು ಮನೆಯಿಂದಲೇ ಒಯ್ಯಿರಿ, ನೂರಹತ್ತು ಉಳಿಯುತ್ತದೆ. ಒಂದು ಬೆಲ್ಲಕ್ಕೂ ಇನ್ನೊಂದಕ್ಕೂ ನಡುವೆ ಬಾಯಿ ಮುಕ್ಕಳಿಸಲು ನೀರು ಕೊಡಿ. ಕೆಲಸದವರಿಂದ ಮೊದಲು ಹಾಕಿಸಿ, ಯಜಮಾನರನ್ನು ಕೊನೆಗೆ ಕರೆಯಿರಿ. ಅವರ ಕೈ ಟವಲ್ಲಿನ ಕೆಳಗಿರುವಾಗ ಮಾತ್ರ ಮುಖ ನೋಡಬೇಡಿ, ಬೆನ್ನು ತಿರುಗಿಸಿ ನಿಂತುಕೊಳ್ಳಿ.